ಉತಾರದಾಗ ಹೆಸರಿಲ್ಲದವರು

ಸಾಂಬ್ರಾ ವಿಮಾನ ನಿಲ್ದಾಣದ ಮುಂದಿನ ಇಪ್ಪತ್ತು-ಮೂವತ್ತು ವರ್ಷದ ಮಾತು ಬಂದಾಗಲೆಲ್ಲ ಬೆಳಗಾವಿಯಲ್ಲಿ 'ಸಾರ್ವಜನಿಕರ ಕಳವಳ' ಎಂಬ ಶಬ್ದ ಕೇಳಿಬರುತ್ತದೆ. ಯಾರ್ರೀ ಈ ಸಾರ್ವಜನಿಕರು? 2018ರಲ್ಲಿ ಇಲ್ಲಿನ ವಿಮಾನಗಳು ಹುಬ್ಬಳ್ಳಿಗೆ ಹೋದಾಗ ಮನವಿ ಬರೆದವರು. 2019ರಲ್ಲಿ ಉಡಾನ್ ಯೋಜನೆಯ ಮೂರನೇ ಸುತ್ತಿನಲ್ಲಿ ಬೆಳಗಾವಿ ಸೇರಿದಾಗ ಉಸಿರು ಬಿಟ್ಟವರು. ಅವರ ಕಳವಳ ಸುಳ್ಳೆಂದು ನಾವು ಹೇಳುವುದಿಲ್ಲ. ಆದರೆ ಆ ನೆಲದಲ್ಲಿ ಕಳೆ ಕಿತ್ತು ಹೊಟ್ಟೆ ಹೊರೆದವರ ಕಳವಳಕ್ಕೆ ಸಾರ್ವಜನಿಕ ಎಂಬ ಹೆಸರು ಯಾಕಿಲ್ಲ?

ಸಾಂಬ್ರಾದ ಬಯಲು ವಿಮಾನ ಕಂಡದ್ದು 1942ರಲ್ಲಿ. ಎರಡನೇ ಮಹಾಯುದ್ಧಕ್ಕೆ ಸೈನಿಕರನ್ನು ತರಬೇತು ಮಾಡಲು ಬ್ರಿಟಿಷರು ಅಲ್ಲಿ ವಿಮಾನತಾಣ ಮಾಡಿದರು. ಯುದ್ಧ ಮುಗಿಯಿತು, ಬ್ರಿಟಿಷರು ಹೋದರು, ವಿಮಾನತಾಣ ಉಳಿಯಿತು. ಆಮೇಲೆ ನಮ್ಮದೇ ಸರಕಾರ ವಿಸ್ತರಣೆಗೆಂದು 370 ಎಕರೆ ಕೊಟ್ಟಿತು. 1,830 ಮೀಟರಿನ ರನ್‌ವೇ 2,300 ಮೀಟರ್ ಆಯಿತು. 2017ರ ಸಪ್ಟೆಂಬರದಲ್ಲಿ ಹೊಸ ಟರ್ಮಿನಲ್ ಉದ್ಘಾಟನೆಯಾಯಿತು. ಅದೂ ಸಾಲದೆಂದು 2024ರ ಮಾರ್ಚ್ 10ರಂದು ಮತ್ತೊಂದು ಟರ್ಮಿನಲ್ಲಿಗೆ ಪ್ರಧಾನಿ ದೂರದ ಆಜಂಗಢದಿಂದಲೇ ಅಡಿಗಲ್ಲು ಹಾಕಿದರು.

ಹೊಲ ಹೋದವನಿಗೆ ಪರಿಹಾರ ಸಿಗುತ್ತದೆ. ಕಡಿಮೆಯೋ, ತಡವಾಗಿಯೋ, ಕೋರ್ಟು ಕಚೇರಿ ಅಲೆದೋ, ಅಂತೂ ಸಿಗುತ್ತದೆ. ಯಾಕಂದರೆ ಉತಾರದಾಗ ಅವನ ಹೆಸರು ಅದ. ಅವನ ಹೊಲದಲ್ಲಿ ಇಪ್ಪತ್ತು ವರ್ಷ ದುಡಿದ ಕೇರಿಯ ಹೆಣ್ಣುಮಗಳ ಹೆಸರು ಎಲ್ಲದ? ಬ್ರಿಟಿಷರ 1894ರ ಭೂಸ್ವಾಧೀನ ಕಾಯಿದೆಯ ಕಣ್ಣಿಗೆ ಕೂಲಿಕಾರ ಬೀಳುತ್ತಲೇ ಇರಲಿಲ್ಲ. ನೆಲಕ್ಕೆ ಒಡೆಯ ಇರುತ್ತಾನೆ, ನೆಲಕ್ಕೆ ಬೆನ್ನು ಬಗ್ಗಿಸುವವನು ಇರುವುದಿಲ್ಲ! ಜಾತಿಯ ಲೆಕ್ಕವೂ ಹಿಂದಿನಿಂದ ಇದೇ ಅಲ್ಲವೇ?

2013ರಲ್ಲಿ ಬಂದ ಹೊಸ ಕಾಯಿದೆ ಈ ಲೆಕ್ಕವನ್ನು ಸ್ವಲ್ಪ ಮುರಿಯಿತು. ಇದನ್ನು ನಮ್ಮ ಹುಡುಗರು ಬಾಯಿಪಾಠ ಮಾಡಬೇಕು. ಭೂಮಿ ಇಲ್ಲದಿದ್ದರೂ, ಸ್ವಾಧೀನಕ್ಕೆ ಮೊದಲು ಮೂರು ವರ್ಷ ಆ ನೆಲದಲ್ಲಿ ಕೂಲಿ ಮಾಡಿಯೋ ಗೇಣಿ ಮಾಡಿಯೋ ಮುಖ್ಯವಾಗಿ ಅದರಿಂದಲೇ ಬದುಕಿದ ಕುಟುಂಬವೂ 'ಬಾಧಿತ ಕುಟುಂಬ' ಎಂದು ಅದು ಹೇಳುತ್ತದೆ. ನೆಲ ಮುಟ್ಟುವ ಮೊದಲು ಸಾಮಾಜಿಕ ಪರಿಣಾಮದ ಅಧ್ಯಯನವಾಗಬೇಕು, ಜನರ ಭಾಷೆಯಲ್ಲಿ ಪಂಚಾಯಿತಿಗೆ ವರದಿ ಬರಬೇಕು, ಜನರೆದುರು ಅಹವಾಲು ಕೇಳಬೇಕು ಎನ್ನುತ್ತದೆ. ನಮ್ಮ ರಾಜ್ಯ ಏನು ಮಾಡಿತು? 2019ರಲ್ಲಿ ತಿದ್ದುಪಡಿ ತಂದು, ಮೂಲಸೌಕರ್ಯದಂಥ ಯೋಜನೆಗಳನ್ನು ಈ ಅಧ್ಯಯನದಿಂದ ಹೊರಗಿಡುವ ಅಧಿಕಾರವನ್ನು ತಾನೇ ಇಟ್ಟುಕೊಂಡಿತು. ದಿಲ್ಲಿ ತೆರೆದ ಕಿಂಡಿಗೆ ಬೆಂಗಳೂರು ಅಗುಳಿ ಜಡಿಯಿತು. ನಾಳೆ ಸಾಂಬ್ರಾಕ್ಕೆ ಇನ್ನಷ್ಟು ನೆಲ ಬೇಕೆಂದು ನಕಾಶೆ ಬಿಡಿಸಿದರೆ, ಕೇರಿಗೆ ಸುದ್ದಿ ತಿಳಿಯುವುದು ಬುಲ್ಡೋಜರಿನ ಸದ್ದಿನಿಂದಲೇ ಏನು?

ಹವಾಯಿ ಚಪ್ಪಲಿ ಹಾಕಿದವನೂ ವಿಮಾನ ಹತ್ತಬೇಕು ಎಂದು 2017ರಲ್ಲಿ ಉಡಾನ್ ಶುರುವಾದಾಗ ಹೇಳಿದರು. ಚಪ್ಪಲಿಯ ಮಾತು ನಮ್ಮ ಹತ್ತಿರ ಹೇಳಬೇಡಿ. ಊರಿಗೆಲ್ಲ ಚಪ್ಪಲಿ ಹೊಲಿದು, ಗೌಡರ ಓಣಿಯಲ್ಲಿ ತಮ್ಮ ಚಪ್ಪಲಿ ಕೈಯಲ್ಲಿ ಹಿಡಿದು ನಡೆದವರ ಮಕ್ಕಳು ನಾವು. ಉಡಾನಿನ ಒಂದೊಂದು ಮಾರ್ಗಕ್ಕೂ ಮೂರು ವರ್ಷ ಸಹಾಯಧನ. ಅದರಲ್ಲಿ ಶೇಕಡಾ 20 ರಾಜ್ಯದ ಬೊಕ್ಕಸದ್ದು. ಅವಧಿ ಮುಗಿಯಿತು, ಬೆಳಗಾವಿಯ ಹಲವು ವಿಮಾನಗಳು ನಿಂತವು. ಇದಾ ದೂರದೃಷ್ಟಿ?

ಜಿಲ್ಲೆಗೇ ದೂರದೃಷ್ಟಿ ಬೇಕೆಂದರೆ ಖಾನಾಪುರಕ್ಕೆ ಬನ್ನಿ. ಬೆಳಗಾವಿ ದಾಟಿ ಹತ್ತಿಪ್ಪತ್ತು ಮೈಲು, ಆಮೇಲೆ ಭೀಮಗಡದ ಕಾಡು. 2024ರ ಮಳೆಗಾಲದಲ್ಲಿ ಆಮಗಾಂವದ ಒಬ್ಬ ಹೆಣ್ಣುಮಗಳಿಗೆ ಜಡ್ಡಾದಾಗ, ಊರಿನವರು ಚಟ್ಟದಂಥ ಕಟ್ಟಿಗೆಯ ಮೇಲೆ ಮಲಗಿಸಿ ಹಲವು ಕಿಲೋಮೀಟರ್ ಹೆಗಲ ಮೇಲೆ ಹೊತ್ತು ನಡೆದರು. ಕಾಡಿನ ಕಾನೂನು ರಸ್ತೆ ಮಾಡಲು ಬಿಡುವುದಿಲ್ಲ ಎನ್ನುತ್ತಾರೆ. ಇರಬಹುದು. ರನ್‌ವೇಗೆ ಕಾನೂನು ಬಗ್ಗುತ್ತದೆ, ಒಂದು ಕಾಲುಸೇತುವೆಗೆ ಸೆಟೆದು ನಿಲ್ಲುತ್ತದೆ.

ಹೆಸರಿಡುವುದರಲ್ಲಿ ಮಾತ್ರ ನಮ್ಮವರು ಮುಂದು. 2023ರ ಡಿಸೆಂಬರದಲ್ಲಿ ಸುವರ್ಣಸೌಧದಲ್ಲಿ ಕೂತು, ಬೆಳಗಾವಿ ನಿಲ್ದಾಣಕ್ಕೆ ಚೆನ್ನಮ್ಮನ ಹೆಸರು, ಹುಬ್ಬಳ್ಳಿಯದಕ್ಕೆ ರಾಯಣ್ಣನ ಹೆಸರು ಇಡಬೇಕೆಂದು ನಿರ್ಣಯ ಮಾಡಿದರು. ಆಗಲಿ. ಆದರೆ ರಾಯಣ್ಣ ಬಡಿದಾಡಿದ್ದು ಯಾತಕ್ಕೆ? ಅವನ ಮನೆತನದ ಮಾನ್ಯದ ಹೊಲವನ್ನು ಕುಂಪಣಿ ಸರಕಾರ ಕಸಿದಿತ್ತು. 1830ರಲ್ಲಿ ಇದೇ ಖಾನಾಪುರ ಸೀಮೆಯ ಬೀಡಿಯ ಕಚೇರಿಗೆ ಅವನ ಪಡೆ ಬೆಂಕಿ ಇಟ್ಟಿತು; ಮರುವರ್ಷ ನಂದಗಡದಲ್ಲಿ ಅವನನ್ನು ನೇಣಿಗೆ ಹಾಕಿದರು. ನೆಲ ಕಸಿದ ಕಚೇರಿ ಸುಟ್ಟವನ ಹೆಸರನ್ನು ಕಸಿದ ನೆಲದ ಮೇಲಿನ ಕಟ್ಟಡಕ್ಕೆ ಬರೆಯುವವರಿಗೆ ಇಷ್ಟಾದರೂ ನೆನಪಿರಲಿ.

ಆಗುವುದಿಲ್ಲ ಎನ್ನುವವರು ದೇವನಹಳ್ಳಿಯ ಚನ್ನರಾಯಪಟ್ಟಣದ ಕಡೆ ನೋಡಲಿ. ಬೆಂಗಳೂರು ವಿಮಾನ ನಿಲ್ದಾಣದ ಹತ್ತಿರ ವೈಮಾನಿಕ ಪಾರ್ಕಿಗೆಂದು 1,777 ಎಕರೆಗೆ ನೋಟೀಸು ಬಂದಾಗ ಜನ ಮೂರು ವರ್ಷಕ್ಕೂ ಹೆಚ್ಚು ಧರಣಿ ಕೂತರು. ರೈತ, ದಲಿತ, ಕಾರ್ಮಿಕ ಸಂಘಟನೆಗಳು ಒಂದಾದವು. 2025ರ ಜುಲೈ 15ರಂದು ಸರಕಾರ ಸ್ವಾಧೀನ ಕೈಬಿಡುವುದಾಗಿ ಹೇಳಲೇಬೇಕಾಯಿತು.

ನಾವು ವಿಮಾನದ ವೈರಿಗಳಲ್ಲ. ನಮ್ಮ ಮಕ್ಕಳೂ ಹತ್ತಲಿ, ಓಡಿಸಲಿ. ನಾವು ಕೇಳುವುದು ಇಷ್ಟು: ನಿಲ್ದಾಣದ ದೀರ್ಘಕಾಲದ ಯೋಜನೆ ಏನೇ ಇರಲಿ, ಅದರ ಮೊದಲ ಸಭೆ ಕೇರಿಯಲ್ಲಿ ಆಗಲಿ, ಕನ್ನಡದಲ್ಲೂ ಮರಾಠಿಯಲ್ಲೂ ಆಗಲಿ, ಭೂಮಿ ಇಲ್ಲದವರ ಪಟ್ಟಿ ಭೂಮಿ ಇದ್ದವರ ಪಟ್ಟಿಯ ಜೊತೆಗೇ ತಯಾರಾಗಲಿ.

ಸರಕಾರ ಆ ಪಟ್ಟಿ ಮಾಡುವವರೆಗೂ ಕಾಯುವುದು ಬ್ಯಾಡ. ಸಾಲಿ ಮಾಸ್ತರರೇ, ಕಾಲೇಜು ಹುಡುಗರೇ, ಸಾಂಬ್ರಾ ಸುತ್ತಿನ ಕೇರಿಗಳಲ್ಲಿ ಈ ಸುಗ್ಗಿಯೊಳಗೆ ಒಂದೊಂದು ನೋಟುಬುಕ್ ಹಿಡಿದು ಕೂಡಿರಿ. ಯಾರು ಯಾರ ಹೊಲಕ್ಕೆ ಹೋಗುತ್ತಾರೆ, ಎಷ್ಟು ವರ್ಷದಿಂದ, ಎಷ್ಟು ಕೂಲಿಗೆ: ಬರೆಯಿರಿ, ಸಹಿ ಇಲ್ಲವೇ ಹೆಬ್ಬೆಟ್ಟು ತಗೊಳ್ಳಿ. ಒಂದು ಪ್ರತಿ ಗ್ರಾಮ ಪಂಚಾಯಿತಿಗೆ, ಒಂದು ಜಿಲ್ಲಾಧಿಕಾರಿ ಕಚೇರಿಗೆ, ಒಂದು ಕೇರಿಯಲ್ಲೇ ಇರಲಿ. ಕೊಟ್ಟ ಅರ್ಜಿಯ ನಕಲಿನ ಮೇಲೆ ತಾರೀಕು, ಠಸ್ಸೆ ಬೀಳುವವರೆಗೆ ಕಚೇರಿಯಿಂದ ಹೊರಗೆ ಬರಬ್ಯಾಡ್ರಿ.