ಆಟಿಕೆ ಅಂತಸ್ತಿನ ಅಳತೆಗೋಲಾದಾಗ

ಮಣ್ಣೆತ್ತಿನ ಅಮಾವಾಸ್ಯೆ ಬಂತೆಂದರೆ ಕುರುಗೋಡಿನ ಸುತ್ತಲಿನ ಎರೆಭೂಮಿಯ ಹಳ್ಳಿಗಳಲ್ಲಿ ಮಣ್ಣು ಕಲಸಿ ಜೋಡೆತ್ತುಗಳನ್ನು ಮಾಡುವುದುಂಟು. ಕೊಂಬು ಸೊಟ್ಟಗಾದರೂ, ಡುಬ್ಬ ಒಂದು ಕಡೆ ವಾಲಿದರೂ ಅದು ಎತ್ತೇ. ಹಬ್ಬ ಮುಗಿದ ಮೇಲೆ ಮಣ್ಣು ಮಣ್ಣಿಗೆ ಸೇರುತ್ತದೆ. ಅವುಗಳನ್ನು ಯಾರೂ ಕೂಡಿಡುವುದಿಲ್ಲ. "ನನ್ನಲ್ಲಿ ನಲವತ್ತಿವೆ, ನಿನ್ನಲ್ಲಿ ಎಷ್ಟಿವೆ?" ಎಂದು ಯಾರೂ ಯಾರನ್ನೂ ಕೇಳುವುದಿಲ್ಲ. ಆಟಿಕೆಯ ಸಹಜ ಸ್ಥಾನ ಇದೇ ಅಲ್ಲವೇ?

ಇಂದು ಆಟಿಕೆಗಳನ್ನು ಸಂಗ್ರಹಿಸುವುದು ಮಕ್ಕಳ ಹವ್ಯಾಸವಾಗಿ ಮಾತ್ರ ಉಳಿದಿಲ್ಲ. ದುಡಿಯುವ ವಯಸ್ಸಿನವರ ಪೈಪೋಟಿಯಾಗಿದೆ. ಪೆಟ್ಟಿಗೆ ಒಡೆದರೆ ಬೆಲೆ ಇಳಿಯುತ್ತದೆಂದು ಆಟಿಕೆಯನ್ನು ಗಾಜಿನ ಕಪಾಟಿನಲ್ಲಿ ಬಂಧಿಸಿಡುತ್ತಾರೆ. ಸ್ವಂತ ಮಗು ಮುಟ್ಟಿದರೂ ಗದರುತ್ತಾರೆ. ನನ್ನ ತಕರಾರು ಸಂಗ್ರಹದ ಬಗ್ಗೆ ಅಲ್ಲ. ನೆರೆಯವನಲ್ಲಿ ಇಲ್ಲದ್ದು ನನ್ನಲ್ಲಿದೆ ಎಂಬುದೇ ಸಂತೋಷದ ಮೂಲವಾದರೆ, ಆ ಸಂತೋಷ ನೆರೆಯವನ ಕೊರತೆಯನ್ನೇ ಉಂಡು ಬದುಕುತ್ತದೆ. ನಾನು ವಿರೋಧಿಸುವುದು ಅದನ್ನು.

ಈ ಪೈಪೋಟಿ ತಾನಾಗಿ ಹುಟ್ಟಿದ್ದಲ್ಲ; ಬುದ್ಧಿವಂತ ವ್ಯಾಪಾರ ಅದನ್ನು ಬಿತ್ತಿ ಬೆಳೆಸಿದೆ. 1968ರಲ್ಲಿ ಮ್ಯಾಟೆಲ್ ಕಂಪನಿ 'ಹಾಟ್ ವೀಲ್ಸ್' ಎಂಬ ಪುಟ್ಟ ಕಾರುಗಳನ್ನು ಮಾರುಕಟ್ಟೆಗೆ ತಂದದ್ದು ಮಕ್ಕಳು ಓಡಿಸಿ ಆಡಲೆಂದು. 1995ರಲ್ಲಿ ಅದೇ ಕಂಪನಿ 'ಟ್ರೆಷರ್ ಹಂಟ್' ಹೆಸರಿನಲ್ಲಿ ಕೆಲವು ಕಾರುಗಳನ್ನು ಉದ್ದೇಶಪೂರ್ವಕವಾಗಿ ಕಡಿಮೆ ಸಂಖ್ಯೆಯಲ್ಲಿ ತಯಾರಿಸಿತು. ಆಟ ಬೇಟೆಯಾಯಿತು. 1993ರಲ್ಲಿ ಅಮೆರಿಕದಲ್ಲಿ ಹೊರಬಂದ 'ಬೀನಿ ಬೇಬೀಸ್' ಎಂಬ ಬಟ್ಟೆಯ ಬೊಂಬೆಗಳ ಕತೆಯೂ ಇಂಥದೇ. ಆಗಾಗ ಒಂದೊಂದು ಬೊಂಬೆಯ ತಯಾರಿಕೆಯನ್ನು ನಿಲ್ಲಿಸಿ, ಅದು ಇನ್ನು ಸಿಗದು ಎಂಬ ಆತಂಕವನ್ನು ಕಂಪನಿಯೇ ಹುಟ್ಟಿಸಿತು. 1999ರಲ್ಲಿ ಲಾಸ್ ವೇಗಸ್‌ನಲ್ಲಿ ವಿಚ್ಛೇದನ ಪಡೆದ ದಂಪತಿಗಳು ನ್ಯಾಯಾಲಯದ ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕುಳಿತು, ಸರದಿಯಂತೆ ಒಂದೊಂದೇ ಬೊಂಬೆಯನ್ನು ಆರಿಸಿ ಹಂಚಿಕೊಂಡರು. ಮುಂದೆ ಆ ಬೊಂಬೆಗಳ ಬೆಲೆ ಕುಸಿದುಬಿತ್ತು.

ಲೋಕ ಇದರಿಂದ ಪಾಠ ಕಲಿಯಿತೇ? ಚೀನಾದ ಪಾಪ್ ಮಾರ್ಟ್ ಕಂಪನಿ 2019ರಿಂದ ಮಾರುತ್ತಿರುವ 'ಲಬೂಬು' ಬೊಂಬೆಗಳಲ್ಲಿ ಹಲವು ಮುಚ್ಚಿದ ಪೆಟ್ಟಿಗೆಯಲ್ಲಿ ಬರುತ್ತವೆ. ಒಳಗೆ ಯಾವುದಿದೆಯೆಂದು ಕೊಳ್ಳುವವನಿಗೆ ತಿಳಿಯದು. ಅತಿ ಅಪರೂಪದ ಬೊಂಬೆ ಸಿಗುವ ಸಂಭವ 72ರಲ್ಲಿ 1. ಇದನ್ನು ಆಟಿಕೆ ಎನ್ನೋಣವೇ, ಜೂಜು ಎನ್ನೋಣವೇ? 2025ರ ಮೇ ತಿಂಗಳಲ್ಲಿ ಗಿರಾಕಿಗಳ ಹೊಡೆದಾಟದ ವರದಿಗಳು ಬಂದ ಮೇಲೆ ಬ್ರಿಟನ್ನಿನ ಅಂಗಡಿಗಳಲ್ಲಿ ಇದರ ಮಾರಾಟವನ್ನೇ ನಿಲ್ಲಿಸಬೇಕಾಯಿತು. ಮರುತಿಂಗಳು ಬೀಜಿಂಗ್‌ನ ಹರಾಜಿನಲ್ಲಿ ಆಳೆತ್ತರದ ಒಂದು ಲಬೂಬು 10.8 ಲಕ್ಷ ಯುವಾನ್‌ಗೆ, ಅಂದರೆ ಒಂದು ಕೋಟಿ ರೂಪಾಯಿಗೂ ಹೆಚ್ಚಿನ ಬೆಲೆಗೆ ಹೋಯಿತು. ಅಸಲಿಯನ್ನು ಕೊಳ್ಳಲಾಗದವರಿಗಾಗಿ ನಕಲಿಗಳು ನಮ್ಮ ನಾಡಿನ ಬೀದಿಗಳಿಗೂ ಬಂದವು. ಚೀಲಕ್ಕೆ ನೇತುಹಾಕಿದ ಬೊಂಬೆ ಅಸಲಿಯೋ ನಕಲಿಯೋ ಎಂದು ಗೆಳತಿಯ ಮುಖ ನೋಡುವ ಮೊದಲೇ ಪರೀಕ್ಷಿಸುವ ಮಗು ಗೆಳೆತನದ ಬಗ್ಗೆ ಕಲಿಯುವುದಾದರೂ ಏನನ್ನು?

ಇನ್ನು ನಮ್ಮ ನೆರೆಯತ್ತ ನೋಡೋಣ. ಕುರುಗೋಡಿನಿಂದ ತುಂಗಭದ್ರೆಯನ್ನು ದಾಟಿ ಕೊಪ್ಪಳದತ್ತ ಹೋದರೆ ಕಿನ್ನಾಳ ಸಿಗುತ್ತದೆ. ಅಲ್ಲಿನ ಚಿತ್ರಗಾರ ಕುಟುಂಬಗಳು ಹಗುರವಾದ ಮರವನ್ನು ಕೆತ್ತಿ, ಹುಣಸೆ ಬೀಜದ ಅಂಟಿನಿಂದ ಬಿಡಿಭಾಗಗಳನ್ನು ಕೂಡಿಸಿ, ಬಣ್ಣ ಬಳಿದು ಬೊಂಬೆಗಳನ್ನು ಮಾಡುತ್ತ ಬಂದಿವೆ. ಈ ಕಲೆಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ. ಕೈಯಿಂದ ಮಾಡಿದ್ದರಿಂದ ಒಂದು ಬೊಂಬೆಯಂತೆ ಇನ್ನೊಂದಿಲ್ಲ. ಅಪರೂಪವೆಂದರೆ ನಿಜವಾಗಿ ಇದು. ಆದರೆ ನಾವು ಮಾಡುವುದೇನು? ಯಂತ್ರದಿಂದ ಲಕ್ಷಗಟ್ಟಲೆ ಬರಬಹುದಾದ ಪ್ಲಾಸ್ಟಿಕ್ಕಿನ ಕೃತಕ ಕೊರತೆಗೆ ಕೇಳಿದಷ್ಟು ಕೊಡುತ್ತೇವೆ. ಕುಶಲಕರ್ಮಿಯ ಮುಂದೆ ನಿಂತು ಐವತ್ತು ರೂಪಾಯಿಗೆ ಚೌಕಾಸಿ ಮಾಡುತ್ತೇವೆ. ಇದು ಅಭಿರುಚಿಯಲ್ಲ, ಹುಲಿಯನ್ನು ನೋಡಿ ನರಿ ಬರೆ ಹಾಕಿಕೊಂಡ ಕತೆ.

ಸಂಗ್ರಾಹಕರು ಇಲ್ಲದಿದ್ದರೆ ಹಳೆಯ ಕಲೆಗಳು ಉಳಿಯುತ್ತಿದ್ದವೇ ಎಂದು ಕೆಲವರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಹಳೆಯ ಮೈಸೂರು ಸೀಮೆಯಲ್ಲಿ ದಸರೆಗೆ ಬೊಂಬೆ ಕೂರಿಸುವ ಮನೆಗಳು ಅಜ್ಜಿಯ ಕಾಲದ ಪಟ್ಟದ ಬೊಂಬೆಗಳನ್ನು ಇಂದಿಗೂ ಕಾಪಾಡಿವೆ. ಆದರೆ ಆ ಮನೆಗಳಲ್ಲಿ ನೆರೆಹೊರೆಯ ಮಕ್ಕಳನ್ನು ಕರೆದು, ಬೊಂಬೆ ತೋರಿಸಿ, ತಿಂಡಿಯನ್ನೂ ಕೊಟ್ಟು ಕಳಿಸುವುದು ರೂಢಿ. ತೋರಿಸುವುದು ಬೇರೆ, ಮೆರೆಸುವುದು ಬೇರೆ. ಬಾಗಿಲು ತೆರೆಯುವ ಸಂಗ್ರಹ ಸಮಾಜಕ್ಕೆ ಆಸ್ತಿ. ನೆರೆಯವನನ್ನು ಕುಬ್ಜನನ್ನಾಗಿಸುವ ಸಂಗ್ರಹ ಬರಿಯ ಅಹಂಕಾರದ ಉಗ್ರಾಣ.

ನಮ್ಮ ಗೋದಲಿಗಳೂ ಈ ರೋಗದಿಂದ ಮುಕ್ತವಾಗಿಲ್ಲವೆಂಬುದನ್ನು ನೋವಿನಿಂದಲೇ ಹೇಳಬೇಕಾಗಿದೆ. ಅಸ್ಸಿಸಿಯ ಸಂತ ಫ್ರಾನ್ಸಿಸರು 1223ರಲ್ಲಿ ಗ್ರೆಚ್ಚೊ ಎಂಬ ಊರಿನಲ್ಲಿ ಸಿದ್ಧಪಡಿಸಿದ ಗೋದಲಿಯಲ್ಲಿದ್ದುದು ಹುಲ್ಲು, ಒಂದು ಎತ್ತು, ಒಂದು ಕತ್ತೆ. ಬಡತನವನ್ನು ಕಣ್ಣಾರೆ ಕಾಣಿಸಲೆಂದು ಹುಟ್ಟಿದ ಆ ಗೋದಲಿಗೆ ಪಕ್ಕದ ಮನೆಯದಕ್ಕಿಂತ ಎರಡು ಬೊಂಬೆ ಹೆಚ್ಚಿರಲಿ, ವಿದ್ಯುದ್ದೀಪದ ಸರ ಇನ್ನೂ ಉದ್ದವಿರಲಿ, ಬಹುಮಾನ ನಮಗೇ ಬರಲಿ ಎಂದು ಹಣ ಸುರಿಯುವುದು ವಿಪರ್ಯಾಸವಲ್ಲದೆ ಮತ್ತೇನು?

ತಂದೆತಾಯಂದಿರೇ, ಮಕ್ಕಳಿಗೆ ಆಟಿಕೆ ಕೊಡಿಸಿ, ಖಂಡಿತ ಕೊಡಿಸಿ. ಆದರೆ ಪೆಟ್ಟಿಗೆಯನ್ನು ಒಡೆದು ಕೊಡಿ. ಬಣ್ಣ ಹೋಗಲಿ, ಚಕ್ರ ಕಳಚಲಿ, ಗೆಳೆಯನ ಕೈಗೂ ಹೋಗಿ ಬರಲಿ. ನಾಲ್ಕು ಮಕ್ಕಳ ಕೈಯಲ್ಲಿ ಸವೆದ ಒಂದು ಆಟಿಕೆ, ಯಾರೂ ಮುಟ್ಟದ ನಾನೂರು ಆಟಿಕೆಗಳಿಗಿಂತ ಹೆಚ್ಚು ಬಾಳಿದೆ.