ಸ್ಟೀವನ್ಸ್‌ಗೆ ಸೇಡಿನ ಪಟ್ಟ ಏಕೆ?

ಅಮೆರಿಕದ ರಾಜಕಾರಣಿ ಥ್ಯಾಡಿಯಸ್ ಸ್ಟೀವನ್ಸ್ ಅವರ ಕಬ್ಬಿಣದ ಕಾರ್ಖಾನೆಯನ್ನು 1863ರಲ್ಲಿ, ಅಂತರ್ಯುದ್ಧದ ನಡುವೆ, ದಕ್ಷಿಣ ರಾಜ್ಯಗಳ ಸೇನೆ ಸುಟ್ಟಿತು. ಯುದ್ಧದ ನಂತರ ಅವರು ದಕ್ಷಿಣದ ಮೇಲೆ ಹೇರಿದ ಕಠಿಣ ನೀತಿಗೆ ಆ ಸಿಟ್ಟೇ ಮೂಲ ಎಂಬುದು ಕಳೆದ ಸಂಚಿಕೆಯ ಲೇಖನದ ವಾದ. ಕಾರ್ಖಾನೆ ಸುಟ್ಟದ್ದು ನಿಜ. ಉಳಿದದ್ದಕ್ಕೆ ಇಸವಿಗಳೇ ಸಾಕ್ಷಿ ಹೇಳುವುದಿಲ್ಲ.

ಪೆನ್ಸಿಲ್ವೇನಿಯಾದ ಹೊಸ ಸಂವಿಧಾನ ಕಪ್ಪುಜನರ ಮತದಾನದ ಹಕ್ಕನ್ನು ಕಿತ್ತುಕೊಂಡಾಗ, ಅದಕ್ಕೆ ಸಹಿ ಹಾಕಲು ಸ್ಟೀವನ್ಸ್ ಒಪ್ಪಲಿಲ್ಲ. ಅದು 1838. ಓಡಿಬಂದ ಗುಲಾಮರನ್ನು ಹಿಡಿಯಲು ಬಂದವರನ್ನು ಅದೇ ರಾಜ್ಯದ ಕ್ರಿಸ್ಟಿಯಾನಾದಲ್ಲಿ ಜನ ಎದುರಿಸಿ ದೇಶದ್ರೋಹದ ಆರೋಪ ಹೊತ್ತಾಗ, ಅವರ ಪರ ನಿಂತ ವಕೀಲರಲ್ಲಿ ಇವರೂ ಒಬ್ಬರು. ಅದು 1851. ಬೆಂಕಿ ಬೀಳುವುದಕ್ಕೆ ಹನ್ನೆರಡು ವರ್ಷ ಮೊದಲು!

ಸ್ಟೀವನ್ಸ್ ಮುಂದಿಟ್ಟ ಭೂಮಿ ಮುಟ್ಟುಗೋಲಿನ ಪ್ರಸ್ತಾವವೇ ದ್ವೇಷಕ್ಕೆ ಪುರಾವೆ ಎನ್ನುತ್ತಾರೆ ಲೇಖಕರು. 1865ರ ಆ ಯೋಜನೆ ಗುರಿಯಿಟ್ಟದ್ದು ದೊಡ್ಡ ಜಮೀನುದಾರರ ಮೇಲೆ; ಬಡ ಬಿಳಿಯ ರೈತರ ಹೊಲವನ್ನು ಅದು ಮುಟ್ಟುತ್ತಿರಲಿಲ್ಲ. ಗುಲಾಮಗಿರಿಯಿಂದ ಬಿಡುಗಡೆಯಾದ ವಯಸ್ಕ ಗಂಡಸರಿಗೆ ತಲಾ 40 ಎಕರೆ ಕೊಡುವುದು ಅದರ ಉದ್ದೇಶ. ಇದನ್ನು ದುಡುಕು ಎನ್ನಬಹುದು, ಸೇಡು ಎನ್ನಲಾಗದು. ಅದು ಜಾರಿಗೆ ಬರಲೂ ಇಲ್ಲ.

ಸ್ಟೀವನ್ಸ್ ಕಳಂಕವಿಲ್ಲದವರೇನಲ್ಲ. 1821ರಲ್ಲಿ ಚಾರಿಟಿ ಬಟ್ಲರ್ ಎಂಬಾಕೆ ಗುಲಾಮಗಿರಿಯಿಂದ ಬಿಡುಗಡೆ ಕೋರಿದಾಗ, ಒಡೆಯನ ಪರ ವಾದಿಸಿ ಗೆದ್ದವರು ಇವರೇ. ಟೀಕಿಸಲು ಲೇಖಕರಿಗೆ ಇಲ್ಲಿ ಗಟ್ಟಿ ಆಧಾರವಿತ್ತು, ಅದನ್ನೇ ಬಿಟ್ಟರು.

1868ರಲ್ಲಿ ಸತ್ತಾಗಲೂ, ಅವರೇ ಬಯಸಿದಂತೆ, ಎಲ್ಲ ಬಣ್ಣದವರಿಗೂ ತೆರೆದಿದ್ದ ಸ್ಮಶಾನದಲ್ಲೇ ಹೂಳಲಾಯಿತು. ಇದೆಲ್ಲ ಸೇಡೇ ಆದರೆ, 1838ರಲ್ಲಿ ಅವರು ತೀರಿಸಿಕೊಂಡದ್ದು ಯಾವ ಕಾರ್ಖಾನೆಯ ಸೇಡು ಎಂಬುದನ್ನು ಲೇಖಕರು ವಿವರಿಸಲಿ.