ಡೆಂಗಿ: ದರದಷ್ಟೇ ದಿನವೂ ಮುಖ್ಯ

ಡೆಂಗಿ ರಕ್ತಪರೀಕ್ಷೆಗೆ ಖಾಸಗಿ ಪ್ರಯೋಗಾಲಯಗಳು ಮನಬಂದಂತೆ ಹಣ ಪಡೆಯುವುದಕ್ಕೆ ರಾಜ್ಯ ಸರ್ಕಾರ 2024ರ ಜುಲೈಯಲ್ಲಿ ಕಡಿವಾಣ ಹಾಕಿತು. ಎಲೈಸಾ ವಿಧಾನದ ಎನ್‌ಎಸ್‌1 ಮತ್ತು ಐಜಿಎಂ ಪರೀಕ್ಷೆಗೆ ತಲಾ 300 ರೂಪಾಯಿ, ರ‍್ಯಾಪಿಡ್ ಕಾರ್ಡ್ ಪರೀಕ್ಷೆಗೆ 250 ರೂಪಾಯಿ ಎಂಬ ಮಿತಿ ಸ್ವಾಗತಾರ್ಹ. ಆದರೆ ಅಡಿಕೆ ತೋಟದಲ್ಲಿ ಬಿದ್ದ ಹಾಳೆಯಲ್ಲೂ ರಬ್ಬರ್ ಮರಕ್ಕೆ ಕಟ್ಟಿದ ಗೆರಟೆಯಲ್ಲೂ ಮಳೆನೀರು ನಿಂತು ಲಾರ್ವಾ ಬೆಳೆಯುವ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲ್ಲೂಕುಗಳಲ್ಲಿ ದರ ಇಳಿದ ಮಾತ್ರಕ್ಕೆ ಸಮಸ್ಯೆ ಮುಗಿಯದು; ಜ್ವರದ ಯಾವ ದಿನ ಯಾವ ಪರೀಕ್ಷೆ ಎಂಬುದೂ ಮುಖ್ಯ.

ಐಜಿಎಂ ಪ್ರತಿಕಾಯ ರಕ್ತದಲ್ಲಿ ಗೋಚರಿಸುವುದು ಜ್ವರ ಶುರುವಾಗಿ ಸುಮಾರು ಐದು ದಿನದ ನಂತರ. ಎರಡನೇ ದಿನವೇ ಅದೊಂದನ್ನು ನೋಡಿ ‘ನೆಗೆಟಿವ್’ ಎಂದು ಬರೆದ ಚೀಟಿ ಹಿಡಿದು ಮರಳುವ ರೋಗಿ ನಿಶ್ಚಿಂತನಾಗಿಬಿಡುತ್ತಾನೆ. ಆದರೆ ಪ್ಲಾಸ್ಮಾ ಸೋರಿ ರಕ್ತದೊತ್ತಡ ಕುಸಿಯುವ ಅಪಾಯ ಎದುರಾಗುವುದು ಜ್ವರ ಇಳಿಯುವ ಹೊತ್ತಿಗೇ. ಮೊದಲ ಐದು ದಿನ ವೈರಸ್‌ನ ಪ್ರೋಟೀನನ್ನೇ ಗುರುತಿಸುವ ಎನ್‌ಎಸ್‌1, ಬಳಿಕ ಐಜಿಎಂ ಎಂಬ ಕ್ರಮವನ್ನು ಪ್ರತಿ ಪ್ರಯೋಗಾಲಯವೂ ಪಾಲಿಸಬೇಕು. ಜ್ವರದ ಎಷ್ಟನೇ ದಿನ ತೆಗೆದ ರಕ್ತ ಎಂಬುದನ್ನು ವರದಿಯಲ್ಲಿ ನಮೂದಿಸುವುದನ್ನು ಆರೋಗ್ಯ ಇಲಾಖೆ ಕಡ್ಡಾಯಗೊಳಿಸಬೇಕು. ಮೂರೂ ತಾಲ್ಲೂಕುಗಳ ಸರ್ಕಾರಿ ಆಸ್ಪತ್ರೆಗಳಿಂದ ಮಳೆಗಾಲದಲ್ಲಿ ಪ್ರತಿದಿನ ಮಾದರಿಗಳು ಎಲೈಸಾ ಪರೀಕ್ಷೆಗೆ ಹೋಗಿ, ಮರುದಿನವೇ ಫಲಿತಾಂಶ ರೋಗಿಯ ಕೈಸೇರಬೇಕು.